ಚಪ್ಪರದ ಕೆಳಗೆ ಕೂತ ಹುಡುಗ

ಗುರುವಾರ ನನ್ನ ಸ್ಕೂಟರ್ ಶಾಲೆಯ ಗೇಟಿಗೆ ಬರುವಷ್ಟರಲ್ಲಿ ಅಜ್ಜಿ ಅಡ್ಡ ಹಾಕಿರುತ್ತಾರೆ. "ಯಾವಾಗ ಬರೀತಾನವ್ವಾ ಇವ್ನು?" ಜೂನ್ ತಿಂಗಳಿಂದ ಇದೇ ಪ್ರಶ್ನೆ.

ನಾನು ಒಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಕೂರುವುದು, ಬರೆಯುವುದು, ಉಣ್ಣುವುದರಂಥ ದಿನದ ಕೆಲಸ ಕಷ್ಟವಾದವರಿಗೆ ಅದನ್ನು ಮಾಡಲು ನೆರವಾಗುವವಳು. ಮೈಸೂರಲ್ಲಿ ಕ್ಲಿನಿಕ್ ಕೆಲಸ, ವಾರಕ್ಕೊಂದು ದಿನ ನಂಜನಗೂಡು ಕಡೆಯ ಒಂದು ಸರ್ಕಾರಿ ಶಾಲೆ. ಹುಡುಗನ ಹೆಸರು ಬೇಡ, ಪುಟ್ಟ ಅನ್ನೋಣ. ಒಂದನೇ ಕ್ಲಾಸು, ಆರು ವರ್ಷ. ಅವನಿಗೆ ಆಟಿಸಂ ಇದೆ ಅಂತ ಗೊತ್ತಾಗಿದ್ದು ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ, ಮೈಸೂರಿನವರ ಬಾಯಲ್ಲಿ ಅದು ಬರೀ 'ಸ್ಪೀಚ್ ಅಂಡ್ ಹಿಯರಿಂಗ್'. ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಶಾಲೆ, ಡಾಕ್ಟರು, ನಾನು ಎಲ್ಲ ಅಜ್ಜಿಯ ಪಾಲಿಗೆ.

ಮೊದಲ ಎರಡು ತಿಂಗಳು ನಾನು ಮಾಡಿದ್ದು ತಪ್ಪು. ಪುಟ್ಟನನ್ನು ಕ್ಲಾಸಿನಿಂದ ಕರೆದುಕೊಂಡು ಹೋಗಿ ಅಕ್ಕಿ ಮೂಟೆ ಇಡುವ ಕೋಣೆಯಲ್ಲಿ ಥೆರಪಿ ಮಾಡುತ್ತಿದ್ದೆ. ದೊಡ್ಡ ಬ್ಯಾಗು ಬೇರೆ. ಭಾರ ತುಂಬಿದ ಜಾಕೆಟ್, ಬಣ್ಣದ ಕ್ಲೇ, ಮುಳ್ಳುಮುಳ್ಳು ಚೆಂಡು. ಹೊಂಗೆ ಮರಕ್ಕೆ ಜೋಕಾಲಿಯನ್ನೂ ಕಟ್ಟಿಸಿದ್ದೆ. ಜೋಕಾಲಿಯಲ್ಲಿ ಅವನು ರಾಜ. ಜಾಕೆಟ್ ಮಾತ್ರ ಎರಡು ನಿಮಿಷಕ್ಕೆ ಕಿತ್ತೆಸೆದ. ಅವನು ಎಸೆದಿದ್ದೇ ಸರಿ ಅನ್ನಿ. ಅದನ್ನು ಹಾಕಿದರೆ ಮಕ್ಕಳು ಪಾಠಕ್ಕೆ ಜಾಸ್ತಿ ಗಮನ ಕೊಡುತ್ತಾರೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ನಾನು ಓದಿಯೂ ಇದ್ದೆ, ಆದರೂ ದುಡ್ಡು ಕೊಟ್ಟು ತಂದಿದ್ದೆ.

ಒಂದು ದಿನ ಟೀಚರ್ ಮೆತ್ತಗೆ ಹೇಳಿದರು. "ನಿಮ್ಮ ಹತ್ರ ಚೆನ್ನಾಗಿರ್ತಾನೆ ಮೇಡಂ. ನೀವು ಮುಕ್ಕಾಲು ಗಂಟೆ ಇರ್ತೀರ. ಉಳಿದಿದ್ದು ನನ್ನ ಹತ್ರ."

ಮುಂದಿನ ಗುರುವಾರ ಬ್ಯಾಗು ಬಿಚ್ಚಲೇ ಇಲ್ಲ. ಪ್ರಾರ್ಥನೆಯಿಂದ ಊಟದ ತನಕ ಸುಮ್ನೆ ಕ್ಲಾಸಿನಲ್ಲಿ ಕೂತೆ.

ಅದು ನಲಿಕಲಿ ಕ್ಲಾಸು. 1995ರಲ್ಲಿ ಇದೇ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯವೆಲ್ಲ ಹಬ್ಬಿದ ಪದ್ಧತಿ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಗುಂಪುಗುಂಪಾಗಿ ಕೂರುತ್ತಾರೆ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳು ಮಾಡಿದ ಚಿತ್ರ, ಕಾಗದದ ಹೂವು ಎಲ್ಲ ತೂಗುಹಾಕಿರುತ್ತಾರೆ. ಅದಕ್ಕೆ ಚಪ್ಪರ ಅಂತಲೇ ಹೆಸರು. ಪುಟ್ಟ ಕೂರುತ್ತಿದ್ದದ್ದು ಸರಿಯಾಗಿ ಫ್ಯಾನಿನ ಹತ್ತಿರ, ಚಪ್ಪರದ ಕೆಳಗೆ. ಫ್ಯಾನ್ ತಿರುಗಿದ ಹಾಗೆ ನಲವತ್ತು ಕಾಗದ ಅಲ್ಲಾಡುತ್ತವೆ. ಬೇರೆ ಮಕ್ಕಳು ಐದು ನಿಮಿಷದಲ್ಲಿ ಅದನ್ನು ಮರೆಯುತ್ತಾರೆ. ಇವನಿಗೆ ಮರೆಯಲು ಆಗುವುದಿಲ್ಲ. ನಾನೂ ಅಲ್ಲಿ ಚಾಪೆ ಮೇಲೆ ಕೂತು ತಲೆ ಎತ್ತಿ ನೋಡಿದೆ. ಹತ್ತು ನಿಮಿಷಕ್ಕೆ ನನಗೇ ತಲೆ ಸುತ್ತಿತು.

ಎರಡನೆಯದು, ಶಾಲೆಯ ಗಂಟೆ. ಬಾಗಿಲ ಪಕ್ಕದಲ್ಲೇ ರೈಲು ಕಂಬಿಯ ತುಂಡೊಂದು ನೇತಾಡುತ್ತಿತ್ತು. ಅದು ಬಾರಿಸಿದಾಗ ಪುಟ್ಟ ಕಿವಿ ಮುಚ್ಚಿ ಕೂಗಿದ. ಆದರೆ ನನ್ನ ಕಣ್ಣಿಗೆ ಬಿದ್ದಿದ್ದು ಅದಕ್ಕೂ ಮೊದಲಿನ ಅರ್ಧ ಗಂಟೆ. ಕಾಲರ್ ಕಚ್ಚುತ್ತಾ ಬಾಗಿಲನ್ನೇ ನೋಡುತ್ತಿದ್ದ. ಶಬ್ದ ಯಾವಾಗ ಬರುತ್ತದೋ ಅಂತ ಕಾಯುವುದೇ ಅವನ ಬೆಳಗಿನ ಪಾಠ!

ಮೂರನೆಯದು, ಟೀಚರ್ 'ಸೋಮಾರಿತನ' ಅಂದುಕೊಂಡಿದ್ದು. ಚಕ್ಕಳಮಕ್ಕಳ ಹಾಕಿ ಕೂತ ಸ್ವಲ್ಪ ಹೊತ್ತಿಗೆ ಜಾರಿ ಜಾರಿ ಮಲಗಿಯೇ ಬಿಡುತ್ತಾನೆ. ಬೆರಳು ಬರೆಯಬೇಕಾದರೆ ಭುಜ ಗಟ್ಟಿ ನಿಲ್ಲಬೇಕು, ಭುಜ ನಿಲ್ಲಬೇಕಾದರೆ ಬೆನ್ನು, ಹೊಟ್ಟೆ ನಿಲ್ಲಬೇಕು. ಪುಟ್ಟನ ಶಕ್ತಿಯೆಲ್ಲ ಕೂರುವುದಕ್ಕೇ ಖರ್ಚಾಗುತ್ತಿತ್ತು. ಕಣ್ಣು, ಕಿವಿ, ಮೂಗು ಅಂತ ನಾವು ಐದು ಹೇಳುತ್ತೇವಲ್ಲ, ಅದರಾಚೆಗೆ ಸ್ನಾಯು ಮತ್ತು ಕೀಲುಗಳಿಂದ ಬರುವ ಅರಿವು, ಒಳಗಿವಿಯ ಸಮತೋಲ ಕೂಡ ಕಲಿಕೆಗೆ ಬೇಕು ಅಂತ 1960-70ರ ದಶಕಗಳಲ್ಲಿ ಒತ್ತಿ ಹೇಳಿದವರು ಅಮೆರಿಕದ ಥೆರಪಿಸ್ಟ್ ಜೀನ್ ಏರ್ಸ್. ಅವರ ಹೆಸರಲ್ಲಿ ಮಾರುವ ಎಲ್ಲ ಸಾಮಾನನ್ನೂ ನಂಬಬೇಡಿ. ಈ ಮೂಲ ಮಾತನ್ನು ಮಾತ್ರ ನಾನು ದಿನಾ ನೋಡುತ್ತೇನೆ.

ಹಾಗಾಗಿ ಚಪ್ಪರ ಕೀಳಲಿಲ್ಲ, ಪುಟ್ಟನ ಜಾಗ ಬದಲಾಯಿಸಿದೆವು. ಈಗ ಮೂಲೆಯಲ್ಲಿ, ಬೆನ್ನಿಗೆ ಗೋಡೆ. ಬೆಳಿಗ್ಗೆ ಬಂದ ಕೂಡಲೇ ಚಾಪೆ ಹೊತ್ತು ತಂದು ಹಾಸುವ ಕೆಲಸ ಅವನದು. ಆಮೇಲೆ ಅರ್ಧ ಬಕೆಟ್ ನೀರು ದಾಸವಾಳದ ಗಿಡಕ್ಕೆ. ಭಾರ ಎತ್ತಿ, ಎಳೆದು ಬಂದ ಮೇಲೆ ಸ್ವಲ್ಪ ಹೊತ್ತು ನೆಮ್ಮದಿಯಾಗಿ ಕೂರುತ್ತಾನೆ. ಕಾಲರ್ ಬದಲು ಅಜ್ಜಿ ಕಳಿಸುವ ಕ್ಯಾರೆಟ್ ತುಂಡು ಕಡಿಯುತ್ತಾನೆ. ಕೂತು ಸಾಕಾದರೆ ಬೋರಲು ಮಲಗಿ ಚಿತ್ರ ಗೀಚಬಹುದು.

ಈ ಬೋರಲಿನ ವಿಷಯಕ್ಕೆ ಟೀಚರ್‌ಗೆ ಹೆದರಿಕೆಯಿತ್ತು. "ಸಿಆರ್‌ಪಿ ಬಂದ್ರೆ ಏನ್ ಹೇಳ್ಲಿ ಮೇಡಂ?" ಸಿಆರ್‌ಪಿ, ಅಂದರೆ ಸುತ್ತಲ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯವರು, ಬಂದೇ ಬಂದರು, ಅದೂ ಪುಟ್ಟನ ಜೊತೆ ಇನ್ನೂ ನಾಲ್ಕು ಮಕ್ಕಳು ಬೋರಲಾಗಿ ಮಲಗಿದ್ದ ದಿನ. ಟೀಚರ್ ನನಗಿಂತ ಚೆನ್ನಾಗಿ ವಿವರಿಸಿದರಂತೆ. "ಭುಜದ ಅಭ್ಯಾಸ ಸಾರ್!"

ಗಂಟೆಗೆ ನಾನು ಕೊಟ್ಟ ಉಪಾಯ, ಅವನೇ ಬಾರಿಸಲಿ ಅಂತ. ಯಾವಾಗ ಬರುತ್ತದೆ ಅಂತ ಗೊತ್ತಿರುವ, ತನ್ನ ಕೈಯಲ್ಲೇ ಇರುವ ಶಬ್ದ ಅಷ್ಟು ಹೆದರಿಸುವುದಿಲ್ಲ. ಮೊದಲ ದಿನ ಹನ್ನೊಂದಕ್ಕೇ ಬಾರಿಸಿಬಿಟ್ಟ. ಇಡೀ ಶಾಲೆ ತಟ್ಟೆ ಹಿಡಿದುಕೊಂಡು ಹೊರಗೆ ಬಂತು. ಈಗ ಟೀಚರ್ ಗಡಿಯಾರದಲ್ಲಿ ಗಂಟೆ ಬಾರಿಸುವ ಹೊತ್ತಿಗೆ ಮುಳ್ಳು ಬರುವ ಜಾಗಕ್ಕೆ ಕೆಂಪು ಸ್ಟಿಕ್ಕರ್ ಅಂಟಿಸಿದ್ದಾರೆ.

ಇನ್ನು ಬರೆಯುವುದು. ನಲಿಕಲಿ ಕೋಣೆಯಲ್ಲಿ ಗೋಡೆಯ ಕೆಳಭಾಗದಲ್ಲಿ, ಮಕ್ಕಳ ಎತ್ತರಕ್ಕೆ, ಕಪ್ಪು ಹಲಗೆ ಇರುತ್ತದೆ. ನಮ್ಮ ಕ್ಲಿನಿಕ್‌ನಲ್ಲಿ ಇದಕ್ಕೇ ಅಂತ ಸ್ಟ್ಯಾಂಡ್ ಕೊಂಡಿದ್ದೇವೆ! ನೆಟ್ಟಗಿರುವ ಹಲಗೆಯ ಮೇಲೆ ಬರೆದರೆ ಮಣಿಕಟ್ಟು ತಾನಾಗೇ ಸರಿಯಾದ ಕೋನಕ್ಕೆ ಬರುತ್ತದೆ, ಭುಜವೂ ಕೆಲಸ ಮಾಡುತ್ತದೆ. ಪೆನ್ಸಿಲ್ ಬದಿಗಿಟ್ಟು ಒದ್ದೆ ಬಟ್ಟೆಯ ತುಂಡು ಕೊಟ್ಟೆವು. ಮೊದಲು ಉದ್ದಗೆರೆ, ಅಡ್ಡಗೆರೆ, ಆಮೇಲೆ ಸೊನ್ನೆ. ಇಲ್ಲಿ ಅಕ್ಷರ ಶುರುವಾಗುವುದು ಅ ಆ ಇ ಈ ಇಂದಲ್ಲ, ರ ಗ ಸ ದ ಅ ಇಂದ. ಪುಟ್ಟನಂಥವರಿಗೆ ಇದು ದೊಡ್ಡ ಉಪಕಾರ. ಸೊನ್ನೆ ಬಂದವನಿಗೆ ರ ದೂರವಿಲ್ಲ, ಅಲ್ವಾ?

ಮೊನ್ನೆ ಗುರುವಾರ ಅಜ್ಜಿಯನ್ನೂ ಒಳಗೆ ಕರೆದು ಕೂರಿಸಿದೆ. ಪುಟ್ಟ ಒದ್ದೆ ಬಟ್ಟೆಯಲ್ಲಿ ತಟ್ಟೆಯಷ್ಟು ದೊಡ್ಡ ರ ಬರೆದ. ತಲೆಕಟ್ಟು ಇಲ್ಲ.

"ಇದೇನು ಸೊನ್ನೆಯಾ?" ಅಂದರು ಅಜ್ಜಿ.

ನಾನು ಉತ್ತರ ಹೇಳುವಷ್ಟರಲ್ಲಿ ನೀರು ಆರಿ ಅಕ್ಷರ ಮಾಯವಾಗಿತ್ತು. ಪುಟ್ಟ ಹಲಗೆಯನ್ನೊಮ್ಮೆ, ಗಡಿಯಾರದ ಕೆಂಪು ಸ್ಟಿಕ್ಕರನ್ನೊಮ್ಮೆ ನೋಡಿ, ಬಟ್ಟೆಯನ್ನು ಅಜ್ಜಿಯ ಮಡಿಲಿಗೆ ಹಾಕಿ ಗಂಟೆ ಕಡೆ ಓಡಿದ.