ಒಂದು ಸರ್ವರ್, ಎಷ್ಟು ಕುರ್ಚಿ? ವಾಚನಾಲಯದ ಪ್ರಾಜೆಕ್ಟ್ ಎಲ್ಲಿಗೆ ಬಂತು

ನಮ್ಮೂರ ವಾಚನಾಲಯದ ಹಳೆ ಪಿಸಿಗಳನ್ನೆಲ್ಲ ಒಂದೇ ಸರ್ವರಿನಿಂದ ಓಡಿಸುವುದು ನಮ್ಮ ಪ್ರಾಜೆಕ್ಟ್. ಆ ಸರ್ವರ್ ಕೂತಾಯಿತು. ಆರು ಕೋರಿನ (ಕೋರ್ ಅಂದರೆ ಲೆಕ್ಕ ಮಾಡುವ ಘಟಕ) ರೈಜನ್ 5 5600ಜಿ ಪ್ರೊಸೆಸರ್, 32 ಜಿಬಿ ರ‍್ಯಾಮ್, ಒಂದು ಎನ್‌ವಿಎಂಇ ಡಿಸ್ಕ್. ಬೋರ್ಡು, ರ‍್ಯಾಮ್ ಎರಡೂ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕವು. ಮೇಲೆ ಡೆಬಿಯನ್ 12 ಲಿನಕ್ಸ್, ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್, ಆ ಡೆಸ್ಕ್‌ಟಾಪನ್ನು ನೆಟ್‌ವರ್ಕ್ ಮೂಲಕ ಬೇರೆ ಪಿಸಿಗೆ ತೋರಿಸುವ ಎಕ್ಸ್‌ಆರ್‌ಡಿಪಿ. ನಮ್ಮೂರ ವಾಚನಾಲಯದ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಕೋರ್ 2 ಡ್ಯುಯೋ ಪಿಸಿಗಳಿಗೆ ಈಗ ಬರೀ ಪರದೆ, ಕೀಬೋರ್ಡು, ಮೌಸಿನ ಕೆಲಸ. ಆನ್ ಮಾಡಿದರೆ ಸೀದಾ ಸರ್ವರಿನ ಲಾಗಿನ್ ಪರದೆ ಬರುತ್ತದೆ. ಎಲ್ಲರ ಡೆಸ್ಕ್‌ಟಾಪೂ ಓಡುವುದು ಒಂದೇ ಡಬ್ಬದಲ್ಲಿ.

ವಾಚನಾಲಯ ನೋಡಿಕೊಳ್ಳುವವರು ನಿವೃತ್ತ ಮೇಷ್ಟ್ರು. ಅವರದು ಒಂದೇ ಪ್ರಶ್ನೆ: "ಕುರ್ಚಿ ಹದಿನಾರಿವೆ. ಅಷ್ಟಕ್ಕೂ ಟೇಬಲ್ ಮಾಡಿಸೋದೋ ಬೇಡವೋ? ಬಡಗಿ ದಿನಾ ಕೇಳ್ತಾನೆ ಕಣಪ್ಪ."

ನೆಟ್‌ನಲ್ಲಿ ಹುಡುಕಿದರೆ ಇಂಥ ಪ್ರಶ್ನೆಗೆ ಸಿದ್ಧ ಕೋಷ್ಟಕಗಳು ಸಿಗುತ್ತವೆ. ಒಂದು ಕೋರಿಗೆ ಇಷ್ಟು ಹಗುರ ಬಳಕೆದಾರರು, ಇಷ್ಟು ಭಾರದವರು ಅಂತ. ಆದರೆ ನಮ್ಮಲ್ಲಿಗೆ ಬರುವವರು ಆ ಕೋಷ್ಟಕದ ಯಾವ ಸಾಲಿಗೂ ಸೇರುವುದಿಲ್ಲ. ಬಹುಪಾಲು ಪಿಡಿಒ, ಪೊಲೀಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಪಿಡಿಎಫ್ ಓದುತ್ತಾರೆ, ಹಳೆ ಪ್ರಶ್ನೆಪತ್ರಿಕೆ ಇಳಿಸಿಕೊಳ್ಳುತ್ತಾರೆ, ಅರ್ಜಿ ತುಂಬುತ್ತಾರೆ, ಯೂಟ್ಯೂಬಿನಲ್ಲಿ ಪಾಠ ಕೇಳುತ್ತಾರೆ. ಇನ್ನು ಕೆಲವು ಹಿರಿಯರು ಬಂದು ಕನ್ನಡದಲ್ಲಿ ಪತ್ರ ಟೈಪ್ ಮಾಡಿಕೊಂಡು ಹೋಗುತ್ತಾರೆ. ಹಾಗಾಗಿ ನಮ್ಮ ಲೆಕ್ಕ ನಾವೇ ಹಾಕಬೇಕು.

ರ‍್ಯಾಮ್

ಮೇಲ್ನೋಟಕ್ಕೆ ಇದು ಸುಲಭ. ಒಬ್ಬರಿಗೆ ಎಷ್ಟು ಬೇಕು ನೋಡು, ಇರುವುದನ್ನು ಅದರಿಂದ ಭಾಗಿಸು. ಫೈರ್‌ಫಾಕ್ಸ್‌ನಲ್ಲಿ ಏಳೆಂಟು ಟ್ಯಾಬ್, ಒಂದು ಪಿಡಿಎಫ್ ತೆರೆದಿದ್ದ ಒಬ್ಬರ ಪ್ರೊಸೆಸ್‌ಗಳನ್ನು (ಓಡುತ್ತಿರುವ ಪ್ರೋಗ್ರಾಮುಗಳನ್ನು) 'ಟಾಪ್' ಅನ್ನುವ ಟೂಲಿನಲ್ಲಿ ನೋಡಿ ಕೂಡಿದರೆ ಹತ್ತಿರಹತ್ತಿರ 2 ಜಿಬಿ ಆಗುತ್ತದೆ. ಆ ಲೆಕ್ಕದಲ್ಲಿ ಹದಿನಾರು ಜನ ಕೂರುವ ಮೊದಲೇ ಸರ್ವರ್ ತುಂಬಬೇಕು.

ಆದರೆ ಟಾಪ್ ತೋರಿಸುವ ಆರ್‌ಎಸ್‌ಎಸ್ ಅಂಕಿಯನ್ನು (ಒಂದು ಪ್ರೊಸೆಸ್ ಹಿಡಿದಿರುವ ಒಟ್ಟು ಮೆಮೊರಿ) ಹಾಗೆ ಕೂಡಬಾರದು. ಹತ್ತು ಪ್ರೊಸೆಸ್‌ಗಳು ಒಂದೇ ಲೈಬ್ರರಿಯನ್ನು (ಸಿದ್ಧ ಕೋಡಿನ ಕಟ್ಟು) ಹಂಚಿಕೊಂಡಿದ್ದರೆ ಆರ್‌ಎಸ್‌ಎಸ್ ಅದನ್ನು ಹತ್ತು ಸಲ ಎಣಿಸುತ್ತದೆ. ಪಿಎಸ್‌ಎಸ್ ಅಂತ ಇನ್ನೊಂದು ಅಂಕಿ ಇದೆ. ಅದು ಹಂಚಿಕೊಂಡ ಮೆಮೊರಿಯನ್ನು ಎಷ್ಟು ಜನ ಹಂಚಿಕೊಂಡಿದ್ದಾರೋ ಅಷ್ಟು ಪಾಲು ಮಾಡಿ ಒಬ್ಬೊಬ್ಬರ ಲೆಕ್ಕಕ್ಕೆ ಬರೆಯುತ್ತದೆ. 'ಎಸ್‌ಮೆಮ್' ಅನ್ನುವ ಪುಟ್ಟ ಟೂಲ್ ಇದನ್ನು ಬಳಕೆದಾರರ ಹೆಸರಿನ ಪ್ರಕಾರ ಕೂಡಿ ಕೊಡುತ್ತದೆ. ಹಲವರು ಒಟ್ಟಿಗೆ ಕೂತಿದ್ದಾಗ ನೋಡಿದರೆ ತಲೆಗೆ ಸುಮಾರು 1.2 ಜಿಬಿ. ಜನ ಜಾಸ್ತಿಯಾದಷ್ಟೂ ತಲೆಯ ಪಾಲು ಸ್ವಲ್ಪ ಇಳಿಯುತ್ತದೆ, ಯಾಕೆಂದರೆ ಎರಡನೆಯವರ ಫೈರ್‌ಫಾಕ್ಸಿಗೆ ಪ್ರೋಗ್ರಾಮಿನ ಕೋಡ್ ಮತ್ತೆ ಲೋಡ್ ಆಗಬೇಕಿಲ್ಲ.

ಸಿಸ್ಟಮ್‌ಗೆ 2 ಜಿಬಿ, ಡಿಸ್ಕ್ ಕ್ಯಾಶ್‌ಗೆ (ಡಿಸ್ಕಿನಿಂದ ಓದಿದ್ದನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುವ ಜಾಗ) 4 ಜಿಬಿ ಬಿಟ್ಟರೆ ಉಳಿಯುವುದು 26. ಅದನ್ನು 1.2ರಿಂದ ಭಾಗಿಸಿದರೆ 21 ಜನ. ಕ್ಯಾಶ್‌ಗೆ ಅಂತ ಬಿಡುವುದನ್ನು ದಂಡ ಅಂದುಕೊಳ್ಳಬೇಡಿ. ಅದನ್ನು ಕಿತ್ತುಕೊಂಡರೆ ಪ್ರತಿ ಲಾಗಿನ್ನೂ ಡಿಸ್ಕಿಗೆ ಓಡುತ್ತದೆ, ಎಲ್ಲರಿಗೂ ಸ್ಲೋ.

ಝಡ್‌ರ‍್ಯಾಮ್ ಕೂಡ ಹಾಕಿದ್ದೇನೆ. ಯಾರೋ ತೆರೆದಿಟ್ಟು ಮರೆತ ಟ್ಯಾಬುಗಳನ್ನು ಅದು ರ‍್ಯಾಮಿನಲ್ಲೇ ಹಿಂಡಿ ಇಡುತ್ತದೆ. ಒಳ್ಳೆಯದೇ. ಆದರೆ ಅದನ್ನು ನಂಬಿ ಕುರ್ಚಿ ಹೆಚ್ಚಿಸುವುದು ನನಗೆ ಸರಿ ಕಾಣುವುದಿಲ್ಲ. ಅದು ಇಕ್ಕಟ್ಟಿನ ದಿನಕ್ಕೆ ಇರಲಿ.

ಪ್ರೊಸೆಸರ್

ನಿಜವಾದ ಮಜಾ ಇರುವುದು ಇಲ್ಲಿ. ಹೋಟೆಲಿನಲ್ಲಿ ಒಂದೇ ಕಾವಲಿ ಇದೆ, ಒಂದು ಸಲಕ್ಕೆ ಒಂದೇ ದೋಸೆ ಅಂತ ಇಟ್ಟುಕೊಳ್ಳಿ. ದೋಸೆ ಬೇಯಲು 2 ನಿಮಿಷ, ತಿನ್ನಲು 18 ನಿಮಿಷ, ತಿಂದವರು ಮತ್ತೆ ಇನ್ನೊಂದು ಕೇಳುತ್ತಾರೆ. ಎಷ್ಟು ಜನರನ್ನು ಕಾಯಿಸದೆ ತಿನ್ನಿಸಬಹುದು? 18ಕ್ಕೆ 2 ಕೂಡಿ 2ರಿಂದ ಭಾಗಿಸಿ, ಹತ್ತು. ಅದಾದ ಮೇಲೆ ಬರುವ ಪ್ರತಿಯೊಬ್ಬರೂ ಎಲ್ಲರ ಕಾಯುವಿಕೆಗೆ 2 ನಿಮಿಷ ಸೇರಿಸುತ್ತಾರೆ.

ಹಂಚಿಕೊಂಡ ಕಂಪ್ಯೂಟರಿನ ಲೆಕ್ಕವೂ ಇದೇ, ಮತ್ತು ಇದು ಹೊಸದೇನಲ್ಲ. ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ 1961ರಲ್ಲಿ ಸಿಟಿಎಸ್‌ಎಸ್ ಅನ್ನುವ ಟೈಮ್‌ಶೇರಿಂಗ್ ವ್ಯವಸ್ಥೆಯನ್ನು ಮೊದಲು ಓಡಿಸಿ ತೋರಿಸಿತು. ಮುಂದೆ ಅದು ಐಬಿಎಂ 7094 ಯಂತ್ರದಲ್ಲಿ ನಡೆಯುತ್ತಿತ್ತು. ಟೈಪ್‌ರೈಟರಿನಂಥ ಟರ್ಮಿನಲ್‌ಗಳ ಮುಂದೆ ಕೂತು ಹಲವರು ಒಂದೇ ಯಂತ್ರವನ್ನು ಒಟ್ಟಿಗೆ ಬಳಸುತ್ತಿದ್ದರು. ಅಲ್ಲೇ ಪಿಎಚ್‌ಡಿ ಮಾಡುತ್ತಿದ್ದ ಅಲನ್ ಶೆರ್ ಕೇಳಿಕೊಂಡ ಪ್ರಶ್ನೆ ನಮ್ಮ ಮೇಷ್ಟ್ರದೇ: ಇನ್ನೊಬ್ಬರು ಕೂತರೆ ಉಳಿದವರಿಗೆ ಎಷ್ಟು ತಡವಾಗುತ್ತದೆ? ಕಾರ್ಖಾನೆಯಲ್ಲಿ ಕೆಟ್ಟ ಯಂತ್ರಗಳು ಒಬ್ಬ ರಿಪೇರಿಯವನಿಗಾಗಿ ಕಾಯುವ ಗಣಿತವನ್ನು ಅವರು ಇದಕ್ಕೆ ಹಚ್ಚಿದರು. ಇಷ್ಟು ಸರಳ ಲೆಕ್ಕವೇ ಅಳತೆಗೆ ಚೆನ್ನಾಗಿ ಹೊಂದಿತು ಅಂತ 1965ರ ಅವರ ಪ್ರಬಂಧ ತೋರಿಸುತ್ತದೆ.

ಇದೇ ಶೆರ್ ಇನ್ನೊಂದು ಕಾರಣಕ್ಕೂ ಹೆಸರುವಾಸಿ. ಪ್ರಯೋಗಕ್ಕೆ ಕೊಟ್ಟಿದ್ದ ಕಂಪ್ಯೂಟರ್ ಸಮಯ ಸಾಲಲಿಲ್ಲ. 1962ರಲ್ಲಿ ಪಾಸ್‌ವರ್ಡ್ ಫೈಲನ್ನೇ ಪ್ರಿಂಟ್ ಹಾಕಿಸಿಕೊಂಡು ಬೇರೆಯವರ ಖಾತೆಯಲ್ಲಿ ಕೆಲಸ ಮುಂದುವರಿಸಿದರು. ಕೆಪಾಸಿಟಿ ಲೆಕ್ಕ ಹಾಕುವವರೇ ಕೆಪಾಸಿಟಿ ಕದ್ದದ್ದು!

ನಮ್ಮ ಸರ್ವರಿಗೆ ಬರೋಣ. ಒಂದು ಸಾಮಾನ್ಯ ಪುಟ ತೆರೆದರೆ ಸುಮಾರು 2 ಸೆಕೆಂಡಿನಷ್ಟು ಕೋರ್ ಸಮಯ ಹೋಗುತ್ತದೆ. ಅದನ್ನು ಓದಲು ಹುಡುಗರು 40 ಸೆಕೆಂಡಾದರೂ ತೆಗೆದುಕೊಳ್ಳುತ್ತಾರೆ. 42ನ್ನು 2ರಿಂದ ಭಾಗಿಸಿದರೆ ಕೋರಿಗೆ 21 ಜನ. ಆರು ಕೋರಿಗೆ 126! ಓದುವವರ ಲೆಕ್ಕದಲ್ಲಿ ಪ್ರೊಸೆಸರ್ ಆಕಳಿಸುತ್ತಾ ಕೂತಿರುತ್ತದೆ. ಪಿಡಿಎಫ್ ಓದುವವರಂತೂ ಅದಕ್ಕೆ ಕಾಣಿಸುವುದೇ ಇಲ್ಲ.

ವೀಡಿಯೊ ಬಂತು ಅಂದರೆ ಈ ಲೆಕ್ಕ ಮಗುಚಿ ಬೀಳುತ್ತದೆ. ವೀಡಿಯೊ ನೋಡುವವರಿಗೆ ಓದುವ ಬಿಡುವೇ ಇಲ್ಲ. ಸರ್ವರ್ ಮೊದಲು ವೀಡಿಯೊ ಬಿಚ್ಚಬೇಕು, ಆಮೇಲೆ ಬದಲಾದ ಪರದೆಯನ್ನು ಮತ್ತೆ ಹಿಂಡಿ ಆ ಪಿಸಿಗೆ ಕಳಿಸಬೇಕು. ಹಾಗಂತ ಹಿಂಡದೆ ಕಳಿಸಲು ಆಗುವುದಿಲ್ಲ. 1024×768 ಪರದೆ, ಪಿಕ್ಸೆಲಿಗೆ 4 ಬೈಟ್, ಸೆಕೆಂಡಿಗೆ 25 ಸಲ ಅಂದರೆ ಒಬ್ಬರಿಗೇ 600 ಮೆಗಾಬಿಟ್ ದಾಟುತ್ತದೆ. ನಮ್ಮ ಹಳೆ ಪಿಸಿಗಳ ನೆಟ್‌ವರ್ಕ್ ಕಾರ್ಡು 100 ಮೆಗಾಬಿಟ್‌ನದು. ಹೀಗೆ ಬಿಚ್ಚಿ ಹಿಂಡುವ ಕೆಲಸಕ್ಕೆ ಒಬ್ಬೊಬ್ಬರಿಗೆ ಒಂದು ಕೋರ್ ಪೂರ್ತಿ ಹೋಗಿ ಇನ್ನೂ ಸ್ವಲ್ಪ ಬೇಕಾಗುತ್ತದೆ. ಅಂದರೆ ಒಬ್ಬ ವೀಡಿಯೊ ನೋಡುವವನು ಇಪ್ಪತ್ತಕ್ಕೂ ಹೆಚ್ಚು ಓದುವವರಿಗೆ ಸಮ. ಆರು ಕೋರಿನಲ್ಲಿ ಹನ್ನೆರಡು ಥ್ರೆಡ್ ಇವೆ ನಿಜ, ಅಂದರೆ ಒಂದೊಂದು ಕೋರ್ ಒಟ್ಟಿಗೆ ಎರಡು ಕೆಲಸ ಹಿಡಿಯುತ್ತದೆ. ಅದರಿಂದ ಸಿಗುವ ಲಾಭವನ್ನು ನಾನು ಒಂದೂವರೆ ಕೋರಿಗಿಂತ ಜಾಸ್ತಿ ಅಂತ ಹಿಡಿಯುವುದಿಲ್ಲ.

ಹಾಗಾಗಿ "ಎಷ್ಟು ಜನ" ಅನ್ನುವುದಕ್ಕೆ ನಾನು ಕೊಡುವ ಉತ್ತರದಲ್ಲಿ ಎರಡು ಅಂಕಿ ಇರುತ್ತವೆ: ಓದುವವರಾದರೆ ಇಪ್ಪತ್ತು, ಅದರಲ್ಲಿ ವೀಡಿಯೊ ನೋಡುವವರು ನಾಲ್ಕೈದಕ್ಕಿಂತ ಜಾಸ್ತಿ ಬೇಡ.

ಒಟ್ಟಿಗೆ ಅಂದರೆ ಎಷ್ಟು ಒಟ್ಟಿಗೆ

ಮೇಷ್ಟ್ರ ಹಾಜರಿ ಪುಸ್ತಕ ಇಲ್ಲಿ ತುಂಬ ಉಪಯೋಗಕ್ಕೆ ಬಂತು. ಬಂದ ಹೊತ್ತು, ಹೋದ ಹೊತ್ತು ಎರಡನ್ನೂ ಬರೆಸುವ ಶಿಸ್ತು ಅವರದು. ಸಂಜೆ ಗಂಟೆಗೆ ಸುಮಾರು ಎಂಟು ಜನ ಬರುತ್ತಾರೆ, ಒಬ್ಬೊಬ್ಬರು ಒಂದೂವರೆ ಗಂಟೆ ಕೂರುತ್ತಾರೆ. ಎಂಟನ್ನು ಒಂದೂವರೆಯಿಂದ ಗುಣಿಸಿದರೆ ಸರಾಸರಿ ಹನ್ನೆರಡು ಜನ ಒಳಗಿರುತ್ತಾರೆ. ಇದು ಲಿಟಲ್ ನಿಯಮ, ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ್ದು. ಜನ ಹೇಗೇ ಬರಲಿ, ಹೇಗೇ ಹೋಗಲಿ, ಸರಾಸರಿ ಮಟ್ಟಿಗೆ ಇದು ತಪ್ಪುವುದಿಲ್ಲ.

ಸರಾಸರಿ ನಂಬಿ ಕೂತರೆ ಮಾತ್ರ ಕೆಟ್ಟಿತು. ತಮಗೆ ತೋಚಿದಾಗ ಬರುವವರ ಲೆಕ್ಕದಲ್ಲಿ ಏರಿಳಿತ ಸುಮಾರು ಸರಾಸರಿಯ ವರ್ಗಮೂಲದಷ್ಟಿರುತ್ತದೆ. ಹನ್ನೆರಡಕ್ಕೆ ಮೂರೂವರೆ. ಅದರ ಎರಡು ಪಟ್ಟು ಸೇರಿಸಿದರೆ ಹತ್ತೊಂಬತ್ತು. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ 1909ರಿಂದಲೇ ಇಂಥ ಲೆಕ್ಕ ಬರೆದಿಟ್ಟಿದ್ದಾರೆ, ಎಷ್ಟು ಲೈನ್ ಎಳೆದರೆ ಎಷ್ಟು ಕರೆ ತಪ್ಪುತ್ತದೆ ಅಂತ. ನಮ್ಮಲ್ಲಿ ಕುರ್ಚಿಯೇ ಲೈನು. ಹದಿನೇಳನೆಯವರು ದಿನಪತ್ರಿಕೆ ಓದುತ್ತಾ ಕಾಯುತ್ತಾರೆ, ಸರ್ವರಿಗೆ ಅವರ ಭಾರವಿಲ್ಲ. ಹತ್ತೊಂಬತ್ತರ ಭಯ ಹೀಗೆ ಹೋಯಿತು.

ಎಲ್ಲರೂ ಒಂದೇ ಗಳಿಗೆಯಲ್ಲಿ ಒಂದೇ ಕೆಲಸ ಮಾಡುವ ದಿನದ ಭಯ ಮಾತ್ರ ಹೋಗಲಿಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಯಾರೂ ಪುಟವನ್ನು 40 ಸೆಕೆಂಡ್ ಓದುವುದಿಲ್ಲ, ರಿಫ್ರೆಶ್ ಒತ್ತುತ್ತಲೇ ಇರುತ್ತಾರೆ. ದೋಸೆ ತಿನ್ನುವ ಸಮಯ ಸೊನ್ನೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಎಲ್ಲರೂ ಲಾಗಿನ್ ಆಗುವಾಗಲೂ ಅಷ್ಟೇ. ಆದರೆ ಲಾಗಿನ್ ನೂಕುನುಗ್ಗಲು ಅಂದುಕೊಂಡಷ್ಟು ಕಷ್ಟ ಕೊಡುವುದಿಲ್ಲ. ಮೊದಲ ಇಬ್ಬರಿಗೆ ಸ್ವಲ್ಪ ತಡ. ಆಮೇಲೆ ಬೇಕಾದ ಫೈಲುಗಳೆಲ್ಲ ಕ್ಯಾಶ್‌ನಲ್ಲೇ ಇರುತ್ತವೆ.

ಸುಳ್ಳು ಬಳಕೆದಾರರು

ಕಾಗದದ ಲೆಕ್ಕವನ್ನು ಪರೀಕ್ಷಿಸಲು ನನ್ನ ಲ್ಯಾಪ್‌ಟಾಪಿನಿಂದ ಎಕ್ಸ್‌ಆರ್‌ಡಿಪಿಗೆ ಸೇರುವ ಎಕ್ಸ್‌ಫ್ರೀಆರ್‌ಡಿಪಿ ಪ್ರೋಗ್ರಾಮಿನಲ್ಲಿ ಒಂದರ ಹಿಂದೊಂದು ಸೆಶನ್ (ಒಬ್ಬರ ಲಾಗಿನ್) ತೆರೆದು, ಒಳಗೆ ಕೀಲಿ, ಮೌಸನ್ನು ತಾನೇ ಒತ್ತುವ 'ಎಕ್ಸ್‌ಡೂಟೂಲ್' ಸ್ಕ್ರಿಪ್ಟ್ ಓಡಿಸುತ್ತಿದ್ದೇನೆ. ಅದು ಪುಟ ತೆರೆಯುತ್ತದೆ, ಕೆಳಗೆ ಸರಿಸುತ್ತದೆ, ನಾಲ್ಕು ಅಕ್ಷರ ಟೈಪ್ ಮಾಡುತ್ತದೆ. ಎರಡು ಕ್ಲಿಕ್ಕಿನ ನಡುವಿನ ಬಿಡುವು ಮನಸೋಇಚ್ಛೆ ಇರಬೇಕು, ಇದು ಮುಖ್ಯ. ಎಲ್ಲರಿಗೂ ಒಂದೇ ಬಿಡುವು ಕೊಟ್ಟರೆ ಕವಾಯತು ಮಾಡಿದ ಹಾಗೆ ಒಟ್ಟಿಗೆ ಕ್ಲಿಕ್ ಮಾಡುತ್ತಾರೆ, ಅಂಥ ಜನ ಎಲ್ಲೂ ಇಲ್ಲ.

ಅಳೆಯಲು ಲೋಡ್ ಆವರೇಜ್ (ಸರಾಸರಿ ಎಷ್ಟು ಪ್ರೊಸೆಸ್ ಓಡುತ್ತಿವೆ, ಕಾಯುತ್ತಿವೆ ಅನ್ನುವ ಅಂಕಿ) ನೋಡುವುದನ್ನು ನಾನು ಬಿಟ್ಟಿದ್ದೇನೆ. ಲಿನಕ್ಸಿನಲ್ಲಿ ಡಿಸ್ಕಿಗಾಗಿ ಕಾಯುವ ಪ್ರೊಸೆಸ್‌ಗಳೂ ಅದರಲ್ಲಿ ಸೇರುತ್ತವೆ. ಅದರ ಬದಲು ಲಿನಕ್ಸಿನ ತಿರುಳಾದ ಕರ್ನಲ್ 4.20ರಿಂದ ಬಂದ ಪ್ರೆಶರ್ ಅಂಕಿಗಳಿವೆ, ಪಿಎಸ್‌ಐ ಅನ್ನುತ್ತಾರೆ. ಸಿಪಿಯು, ಮೆಮೊರಿ, ಡಿಸ್ಕ್ ಮೂರಕ್ಕೂ ಬೇರೆಬೇರೆ. ಕಳೆದ ಹತ್ತು ಸೆಕೆಂಡಿನಲ್ಲಿ ಶೇಕಡಾ ಎಷ್ಟು ಹೊತ್ತು ಯಾರಾದರೂ ಕೆಲಸವಿದ್ದೂ ಕಾಯುತ್ತಾ ನಿಂತಿದ್ದರು ಅಂತ ಅದು ಹೇಳುತ್ತದೆ. ಕೂತವರಿಗೆ ಅನ್ನಿಸುವುದೂ ಅದೇ ಅಲ್ವಾ?

ಹದಿನೆಂಟು ಸುಳ್ಳು ಓದುಗರಿಗೆ ಸಿಪಿಯು ಪ್ರೆಶರ್ ನಾಲ್ಕೈದು ಶೇಕಡಾ ದಾಟಲಿಲ್ಲ. ಅದರ ಮೇಲೆ ನಾಲ್ಕು ವೀಡಿಯೊ ಹಚ್ಚಿದರೆ ಇಪ್ಪತ್ತರ ಮೇಲೆ ಹೋಯಿತು, ಆದರೂ ಟೈಪಿಂಗ್ ಸಲೀಸಾಗಿತ್ತು. ಆರು ವೀಡಿಯೊ ಆದಾಗ ಅರುವತ್ತು ದಾಟಿತು. ಕೀಲಿ ಒತ್ತಿದ ಮೇಲೆ ಅಕ್ಷರ ಮೂಡುವುದು ತಡವಾಗುವುದು ಕಣ್ಣಿಗೇ ಕಾಣುತ್ತಿತ್ತು. ಕನ್ನಡ ಟೈಪ್ ಮಾಡುವವರಿಗೆ ಇದು ಇನ್ನೂ ಹಿಂಸೆ. ಒತ್ತಕ್ಷರ ಕೂಡುವುದನ್ನು ನೋಡಿಕೊಂಡೇ ಅವರು ಮುಂದಿನ ಕೀಲಿ ಒತ್ತುತ್ತಾರೆ.

ಒಬ್ಬರ ಹಾವಳಿ ಎಲ್ಲರಿಗೂ ತಾಗದಂತೆ ಸಿಸ್ಟಮ್‌ಡಿಯಲ್ಲಿ (ಲಿನಕ್ಸಿನಲ್ಲಿ ಪ್ರೋಗ್ರಾಮುಗಳನ್ನು ಶುರುಮಾಡಿ ನಿಭಾಯಿಸುವ ವ್ಯವಸ್ಥೆ) ಪ್ರತಿ ಬಳಕೆದಾರರಿಗೂ ಬೇಲಿ ಹಾಕಿದ್ದೇನೆ. ಮೆಮೊರಿಹೈ 2.5 ಜಿಬಿ, ಮೆಮೊರಿಮ್ಯಾಕ್ಸ್ 3 ಜಿಬಿ, ಎಲ್ಲರಿಗೂ ಸಮನಾದ ಸಿಪಿಯುವೇಟ್, ಅಂದರೆ ಪ್ರೊಸೆಸರಿನ ಪಾಲು. ನಲವತ್ತು ಟ್ಯಾಬ್ ತೆರೆಯುವ ಮಹಾನುಭಾವರು ಎಲ್ಲ ಕಡೆ ಇರುತ್ತಾರೆ. ಮೊದಲ ಗೆರೆ ದಾಟಿದರೆ ಅವರದು ಮಾತ್ರ ನಿಧಾನವಾಗುತ್ತದೆ, ಎರಡನೆಯದನ್ನು ಮುಟ್ಟಿದರೆ ಅವರ ಟ್ಯಾಬೇ ಸಾಯುತ್ತದೆ, ಪಕ್ಕದವರಿಗೆ ಏನೂ ಗೊತ್ತಾಗುವುದಿಲ್ಲ. ಫೈರ್‌ಫಾಕ್ಸಿನ ಪಾಲಿಸಿ ಫೈಲಿನ ಮೂಲಕ ಎಲ್ಲರಿಗೂ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಹಾಕಿದ್ದೂ ಲಾಭವಾಯಿತು. ಜಾಹೀರಾತು ಹೋದರೆ ರ‍್ಯಾಮೂ ಉಳಿಯುತ್ತದೆ, ಪ್ರೊಸೆಸರೂ ಉಳಿಯುತ್ತದೆ.

ಬಡಗಿಗೆ ಹೇಳಿದ್ದು

ಟೇಬಲ್ ಹದಿನಾರೂ ಮಾಡಿಸಬಹುದು. ಆದರೆ ಗೋಡೆ ಬದಿಯ ನಾಲ್ಕು ಪಿಸಿ ಸರ್ವರಿಗೆ ಸೇರುವುದಿಲ್ಲ. ಅವುಗಳಲ್ಲೇ ಬ್ರೌಸರ್ ಓಡಲಿ, ಹೆಡ್‌ಫೋನ್ ಇರಲಿ, ಯೂಟ್ಯೂಬ್ ಪಾಠ ಅಲ್ಲೇ. 480ಪಿ ಎಚ್.264 ವೀಡಿಯೊ ಆದರೆ ಕೋರ್ 2 ಡ್ಯುಯೋ ಇವತ್ತಿಗೂ ತಡೆಯುತ್ತದೆ. ಉಳಿದ ಹನ್ನೆರಡು ಸರ್ವರಿನ ಮೇಲೆ. ಅಲ್ಲಿ ವೀಡಿಯೊ ನೋಡಬೇಡಿ ಅಂತ ಬೋರ್ಡು ಹಾಕುವ ಬದಲು ಸೌಂಡೇ ಕೊಟ್ಟಿಲ್ಲ. ಎಕ್ಸ್‌ಆರ್‌ಡಿಪಿಗೆ ಸೌಂಡ್ ಮಾಡ್ಯೂಲನ್ನು ಬೇರೆಯಾಗಿ ಕಂಪೈಲ್ ಮಾಡಬೇಕು, ಮಾಡದೆ ಬಿಟ್ಟರಾಯಿತು. ಮೂಕಿ ಪಾಠ ಯಾರು ನೋಡುತ್ತಾರೆ? "ಒಳ್ಳೇ ಉಪಾಯ" ಅಂದರು ಮೇಷ್ಟ್ರು.

ಮುಂದಿನ ಲೆಕ್ಕ ಯುಪಿಎಸ್‌ನದು. ಸರ್ವರ್ ಒಂದೇ ಆದರೆ ಚಿಕ್ಕದು ಸಾಕು. ಹಳೆ ಪಿಸಿ, ಮಾನಿಟರ್ ಸೇರಿ ಒಂದೊಂದು ಟೇಬಲ್ 80 ವ್ಯಾಟ್ ಎಳೆದರೂ ಹದಿನಾರಕ್ಕೆ 1,280 ವ್ಯಾಟ್ ಆಗುತ್ತದೆ, ಸರ್ವರ್ ಬೇರೆ. ಕರೆಂಟ್ ಹೋದಾಗ ಸರ್ವರನ್ನೂ ನೆಟ್‌ವರ್ಕ್ ಸ್ವಿಚ್ಚನ್ನೂ ಮಾತ್ರ ಉಳಿಸಿಕೊಂಡರೆ ಸೆಶನ್‌ಗಳು ಹಾಗೇ ಇರುತ್ತವೆ. ಕರೆಂಟ್ ಬಂದು ಮತ್ತೆ ಲಾಗಿನ್ ಆದಾಗ ಅರ್ಧ ತುಂಬಿದ ಅರ್ಜಿ ಅಲ್ಲೇ ಸಿಗಬೇಕು. ಸದ್ಯ ಅದನ್ನೇ ಪರೀಕ್ಷಿಸುತ್ತಿದ್ದೇನೆ.