ಅಂಕಿ ಇಲ್ಲದ ಸ್ಕೇಲು, ಒಂದು ಕೈವಾರ: ಎರಡನೇ ಪ್ರಮೇಯ ಮುಗಿಯಿತು

ಯೂಕ್ಲಿಡ್‌ನ 'ಎಲಿಮೆಂಟ್ಸ್' ಎಂಬ ಪ್ರಾಚೀನ ಗ್ರೀಕ್ ಗಣಿತ ಗ್ರಂಥದ ಮೊದಲ ಪುಸ್ತಕದಲ್ಲಿ 48 ಪ್ರಮೇಯಗಳಿವೆ. ಅಷ್ಟನ್ನೂ ಕೈಯಲ್ಲೇ ಬರೆದು ನೋಡಬೇಕು ಅಂತ ಹೊರಟಿದ್ದೇನೆ. ಸ್ಕೇಲಿನ ಅಂಕಿಗಳ ಮೇಲೆ ಟೇಪ್ ಅಂಟಿಸಿದ್ದೇನೆ, ಗೆರೆ ಎಳೆಯುವುದಕ್ಕೆ ಮಾತ್ರ ಅದು.

ಮೊದಲನೆಯದು ಸಮಬಾಹು ತ್ರಿಭುಜ. ಎರಡು ವೃತ್ತ ಎಳೆದರೆ ಆಯಿತು. ಈ ವಾರವೆಲ್ಲ ಎರಡನೆಯದರ ಜೊತೆಗೇ ಕಳೆಯಿತು.

ಕೇಳುವುದು ಇಷ್ಟೇ: ಬ-ಕ ಎಂಬ ರೇಖಾಖಂಡ ಇದೆ, ಬೇರೆ ಕಡೆ ಅ ಎಂಬ ಬಿಂದು ಇದೆ. ಅ ಇಂದ ಬ-ಕ ದಷ್ಟೇ ಉದ್ದದ ಗೆರೆ ಎಳೆಯಿರಿ. ಕೈವಾರವನ್ನು ಅಗಲಿಸಿ, ಎತ್ತಿ, ಅ ಮೇಲೆ ಇಟ್ಟರಾಯಿತು ಅಲ್ವಾ? ಆದರೆ ಯೂಕ್ಲಿಡ್ ಒಪ್ಪಿಕೊಂಡ ನಿಯಮದಲ್ಲಿ ಅದಿಲ್ಲ. ಒಂದು ಕೇಂದ್ರ, ಅಲ್ಲಿಂದ ಹೊರಟ ಒಂದು ದೂರ, ಅದಕ್ಕೊಂದು ವೃತ್ತ, ಅಷ್ಟೇ. ಕಾಗದದಿಂದ ಎತ್ತಿದ ಕೂಡಲೇ ಕೈವಾರ ಮುಚ್ಚಿಕೊಳ್ಳುತ್ತದೆ ಅಂದುಕೊಳ್ಳಿ.

ಹಾಗಾಗಿ ದಾರಿ ಸ್ವಲ್ಪ ಸುತ್ತು. ಅ-ಬ ಸೇರಿಸಿ, ಅದರ ಮೇಲೆ ಸಮಬಾಹು ತ್ರಿಭುಜ ಕಟ್ಟಿ, ಮೇಲಿನ ಮೂಲೆಗೆ ಡ ಅನ್ನಿ. ಡ-ಅ, ಡ-ಬ ಎರಡನ್ನೂ ಮುಂದಕ್ಕೆ ಎಳೆಯಿರಿ. ಬ ಕೇಂದ್ರದಿಂದ ಕ ಮೂಲಕ ಹೋಗುವ ವೃತ್ತ, ಮುಂದುವರಿಸಿದ ಡ-ಬ ಗೆರೆಯನ್ನು ಗ ದಲ್ಲಿ ಕತ್ತರಿಸುತ್ತದೆ. ಈಗ ಡ ಕೇಂದ್ರದಿಂದ ಗ ಮೂಲಕ ದೊಡ್ಡ ವೃತ್ತ. ಅದು ಇನ್ನೊಂದು ಗೆರೆಯನ್ನು ಲ ದಲ್ಲಿ ಮುಟ್ಟುತ್ತದೆ. ಡ-ಲ, ಡ-ಗ ಒಂದೇ ವೃತ್ತದ ತ್ರಿಜ್ಯಗಳು, ಅವುಗಳಿಂದ ತ್ರಿಭುಜದ ಸಮನಾದ ಬಾಹುಗಳನ್ನು ಕಳೆದರೆ ಉಳಿಯುವ ಅ-ಲ, ಬ-ಗ ಸಮ, ಬ-ಗ ಹೇಗೂ ಬ-ಕ ದಷ್ಟೇ. ಎಲ್ಲೂ ಒಂದು ಸೆಂಟಿಮೀಟರ್ ಬಂದಿಲ್ಲ! (ಅ ಬಿಂದುವನ್ನು ಬ ಹತ್ತಿರವೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ದೊಡ್ಡ ವೃತ್ತ ಹಾಳೆ ಬಿಟ್ಟು ಆಚೆ ಹೋಗುತ್ತದೆ.)

ನನಗೆ ಇಷ್ಟವಾಗಿದ್ದು ಇದೇ. ಎರಡು ರೇಖಾಖಂಡಗಳ ಉದ್ದ ಒಂದೇ ಆದರೆ ಅವು ಸರ್ವಸಮ ಅಂತ ಶಾಲೆಯಲ್ಲಿ ಕಲಿಯುತ್ತೇವೆ, ಅಂದರೆ ಮೊದಲು ಅಳತೆ, ಆಮೇಲೆ ಹೋಲಿಕೆ. ಇಲ್ಲಿ ಹೋಲಿಕೆಯೇ ಮೊದಲು, ಅಂಕಿ ಬೇಕಾದರೆ ಆಮೇಲೆ ಬರಲಿ. ಬಾಹು 10 ಸೆಂ.ಮೀ. ಇರುವ ಚೌಕ ಎಳೆದು ಕರ್ಣ ಅಳೆಯಿರಿ. ಸ್ಕೇಲಿನಲ್ಲಿ 14.1 ದಾಟಿ ಎಲ್ಲೋ ನಿಲ್ಲುತ್ತದೆ, ಎಷ್ಟು ದಶಮಾಂಶ ಬರೆದರೂ ಮುಗಿಯುವುದಿಲ್ಲ. ಆದರೆ ಅದಕ್ಕೆ ಸರ್ವಸಮವಾದ ಇನ್ನೊಂದು ಖಂಡ ಎಳೆಯಲು ಮೇಲಿನ ವಿಧಾನವೇ ಸಾಕು, ಒಂದು ಚೂರೂ ಬಿಟ್ಟುಹೋಗುವುದಿಲ್ಲ. ಮಕ್ಕಳಿಗೆ ಸ್ಕೇಲಿಗಿಂತ ಮೊದಲು ಕೈವಾರ ಕೊಡಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಮೂರನೆಯದು ಸುಲಭ: ದೊಡ್ಡ ಖಂಡದಿಂದ ಚಿಕ್ಕದರಷ್ಟು ಕತ್ತರಿಸುವುದು. ಎರಡನೆಯದು ಕೈಯಲ್ಲಿದ್ದರೆ ಇನ್ನೊಂದು ವೃತ್ತದ ಕೆಲಸ.

ಮುಂದಿನದು ನಾಲ್ಕನೆಯದು, ನಮ್ಮ ಬಾ.ಕೋ.ಬಾ. (ಬಾಹು-ಕೋನ-ಬಾಹು) ಸರ್ವಸಮತೆ: ಎರಡು ಬಾಹು, ಅವುಗಳ ನಡುವಿನ ಕೋನ ಸಮನಾದರೆ ತ್ರಿಭುಜಗಳೂ ಸರ್ವಸಮ. ಯೂಕ್ಲಿಡ್ ಇಲ್ಲಿ ಒಂದು ತ್ರಿಭುಜವನ್ನು ಎತ್ತಿ ಇನ್ನೊಂದರ ಮೇಲೆ ಇಡುತ್ತಾನೆ. ಎರಡನೆಯದರಲ್ಲಿ ಒಂದು ಗೆರೆ ಸಾಗಿಸಲು ಅಷ್ಟು ಜಾಗ್ರತೆ ವಹಿಸಿದವನು ಇಡೀ ತ್ರಿಭುಜವನ್ನೇ ಹೇಗೆ ಎತ್ತಿದ? 1899ರಲ್ಲಿ ಜರ್ಮನ್ ಗಣಿತಜ್ಞ ಹಿಲ್ಬರ್ಟ್ ಇದನ್ನು ಸಾಧಿಸಲು ಹೋಗದೆ ಅದರ ಮುಖ್ಯ ಭಾಗವನ್ನು ಸ್ವಯಂಸಿದ್ಧವೆಂದೇ ಇಟ್ಟುಕೊಂಡ. ಎರಡನ್ನೂ ಪಕ್ಕಪಕ್ಕ ಬರೆದು ನೋಡಿ, ಚಿತ್ರದ ಜೊತೆ ಹಾಕುತ್ತೇನೆ.