ಕಾಲು ಸೆಕ್ಷನ್ ಅಂದ್ರೆ 6400 ಗುಂಟೆ ಕಣಪ್ಪಾ

ಊರಿಂದ ಯಾರೇ ಫೋನ್ ಮಾಡ್ಲಿ, ನನ್ನ ಕೆಲಸ ಏನು ಅಂತ ವಿವರ್ಸೋದೇ ಒಂದು ಕೆಲಸ. ಜಿಐಎಸ್ ಟೆಕ್ನಿಷಿಯನ್, ಅಂದ್ರೆ ಕಂಪ್ಯೂಟರಲ್ಲಿ ಮ್ಯಾಪ್ ಮಾಡೋನು, ಅಂದ್ರೆ ಅಮ್ಮಂಗೆ ಎಸಿ ರಿಪೇರಿಯವನ ಥರ ಕೇಳ್ಸತ್ತೆ, ಚಿಕ್ಕಪ್ಪ "ಗೂಗಲ್ ಮ್ಯಾಪ್ ಇದ್ಯಲ್ಲೋ, ಇನ್ನು ನೀನೇನ್ ಮ್ಯಾಪ್ ಮಾಡ್ತೀಯ" ಅಂತಾನೆ. ಅಪ್ಪ ಒಬ್ರೇ ಸರಿಯಾಗಿ ಹಿಡ್ಕೊಂಡಿದ್ದು, "ಸರ್ವೆ ಆಫೀಸ್ ಕೆಲಸ, ಆದ್ರೆ ಬಿಸ್ಲಲ್ಲಿ ನಿಲ್ಲಂಗಿಲ್ಲ" ಅಂತ ಊರಲ್ಲೆಲ್ಲ ಹೇಳ್ಕೊಂಡಿದಾರೆ.

ಬಿಸ್ಲಿಲ್ಲ ನಿಜ. ಚಳಿ ಇದೆ.

ನಾನಿರೋದು ಕೆನಡಾದ ಆಲ್ಬರ್ಟಾದಲ್ಲಿ, ಕ್ಯಾಲ್ಗರಿ ಪಕ್ಕದ ಒಂದು ಕೌಂಟಿ ಆಫೀಸಲ್ಲಿ, ಕೌಂಟಿ ಅಂದ್ರೆ ನಮ್ಮ ತಾಲ್ಲೂಕು ಪಂಚಾಯ್ತಿ ಅನ್ಕೊಳ್ಳಿ, ರಸ್ತೆ, ಚರಂಡಿ, ಫೈರ್ ಇಂಜಿನ್ನು, ಮನೆ ನಂಬರು ಎಲ್ಲ ಇವ್ರದ್ದೇ. ಯಾರೋ ಜಮೀನು ಭಾಗ ಮಾಡಿದ್ರೆ ಹೊಸ ಗೆರೆ ಎಳಿಬೇಕು, ಹೊಸ ಮನೆ ಎದ್ರೆ ಅದಕ್ಕೊಂದು ಅಡ್ರೆಸ್ ಕೊಟ್ಟು ಗೇಟ್ ಎಲ್ಲಿದೆ ಅಂತ ಚುಕ್ಕಿ ಇಡ್ಬೇಕು, ಯಾಕಂದ್ರೆ ರಾತ್ರಿ ಎರಡು ಗಂಟೆಗೆ 911ಗೆ ಫೋನ್ ಬಂದ್ರೆ ಆಂಬುಲೆನ್ಸ್ ಓಡೋದು ಆ ಚುಕ್ಕಿ ನೋಡ್ಕೊಂಡೇ. ಉಳಿದ ಟೈಮೆಲ್ಲ ಆರ್ಕ್‌ಜಿಐಎಸ್ ಪ್ರೋ ಅನ್ನೋ ಮ್ಯಾಪ್ ಸಾಫ್ಟ್‌ವೇರ್ ತೆಕ್ಕೊಂಡು ಇನ್ಯಾರೋ ಹತ್ತು ವರ್ಷದ ಹಿಂದೆ ಮಾಡಿಟ್ಟ ಎಡವಟ್ಟು ಸರಿ ಮಾಡೋದು.

ಮೊದಲ ಸಲ ಇಲ್ಲಿನ ಮ್ಯಾಪ್ ತೆಗೆದಾಗ ನಗು ಬಂದಿತ್ತು. ಬರೀ ಚೌಕ, ಗ್ರಾಫ್ ಪೇಪರ್ ಹಾಸಿದಂಗೆ. 1872ರಲ್ಲಿ ಕೆನಡಾ ಸರ್ಕಾರ ಒಂದು ಕಾನೂನು ತಂದು ಇಡೀ ಬಯಲುಸೀಮೆನ ಆರು ಮೈಲಿ ಉದ್ದ ಆರು ಮೈಲಿ ಅಗಲದ ಟೌನ್‌ಶಿಪ್ ಅಂತ ಕತ್ತರಿಸ್ತು, ಒಂದೊಂದರಲ್ಲಿ 36 ಸೆಕ್ಷನ್, ಒಂದು ಸೆಕ್ಷನ್ ಅಂದ್ರೆ 640 ಎಕರೆ, ಅದರ ಕಾಲು ಭಾಗ 160 ಎಕರೆನ ಹತ್ತು ಡಾಲರ್ ಫೀಸ್ ಕಟ್ಟಿ, ಅಲ್ಲೇ ವಾಸ ಮಾಡಿ ಉಳುಮೆ ಮಾಡಿದೋರಿಗೆ ಕೊಟ್ಬಿಡೋರು. ಈ 36ಕ್ಕೆ ನಂಬರ್ ಕೊಟ್ಟಿರೋ ರೀತಿ ನೋಡ್ಬೇಕು ನೀವು: ಆಗ್ನೇಯ ಮೂಲೇಲಿ 1 ಶುರು, ಪಶ್ಚಿಮಕ್ಕೆ ಹೋಗಿ 6, ಅದರ ಮೇಲೆ 7, ಅಲ್ಲಿಂದ ವಾಪಸ್ ಪೂರ್ವಕ್ಕೆ. ಸಾಲು ಮುಗಿದ ಮೇಲೆ ಎತ್ತು ತಿರುಗ್ಸಿಕೊಂಡು ಬರ್ತೀವಲ್ಲ, ಥೇಟ್ ಹಂಗೆ. ಟ್ರೈನಿಂಗ್ ಕೊಡ್ತಿದ್ದ ಹೆಂಗಸು ಇದನ್ನ ಅರ್ಧ ಗಂಟೆ ವಿವರ್ಸಕ್ಕೆ ರೆಡಿಯಾಗಿದ್ಲು, ನಂಗೆ ಅರ್ಧ ನಿಮಿಷ ಸಾಕಾಯ್ತು.

ಅಳೆದಿದ್ದು ಯಾವುದ್ರಲ್ಲಿ ಅಂದ್ರೆ ಗಂಟರ್ ಸರಪಳಿ ಅನ್ನೋ ಹಳೇ ಸರ್ವೆ ಸರಪಳೀಲಿ, 66 ಅಡಿ. ಇಲ್ಲಿ ಹಳ್ಳಿ ರಸ್ತೆಗೆ ಬಿಟ್ಟಿರೋ ಜಾಗನೂ 66 ಅಡಿನೇ, ಒಂದು ಸರಪಳಿ ಅಗಲ. ಅದರ ಅರ್ಧ 33 ಅಡಿ ನಮ್ಮ ಸರ್ವೆಯವರ ಸರಪಳಿ, ಅದನ್ನ ಹದಿನಾರು ಆಣೆ ಅಂತ ಭಾಗ ಮಾಡಿರ್ತಾರೆ, 33ಕ್ಕೆ 33 ಅಡಿ ಆದ್ರೆ ಒಂದು ಗುಂಟೆ, ನಲವತ್ತು ಗುಂಟೆಗೆ ಎಕರೆ. ಇದನ್ನ ಅಪ್ಪಂಗೆ ಹೇಳಿ ಇಲ್ಲಿ ಒಬ್ಬ ರೈತನ ಕಾಲು ಸೆಕ್ಷನ್ ಅಂದ್ರೆ 6400 ಗುಂಟೆ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ "ಬೋರು ಎಷ್ಟು ಹಾಕ್ಸಿದಾನೆ?" ಅಂದ್ರು.

ಆದ್ರೆ ಭೂಮಿ ದುಂಡಗಿದೆ ನೋಡಿ, ಚೌಕ ಕೂರಲ್ಲ. ಉತ್ತರಕ್ಕೆ ಹೋದಂಗೆ ಗೆರೆಗಳು ಹತ್ರ ಹತ್ರ ಬರ್ತವೆ, ಅದಕ್ಕೆ 24 ಮೈಲಿಗೆ ಒಂದ್ಸಲ ಕರೆಕ್ಷನ್ ಲೈನ್ ಅಂತ ಇಟ್ಟು ಅಲ್ಲಿಂದ ಹೊಸದಾಗಿ ಅಳೆದಿದಾರೆ. ನೇರ ಹೋಗ್ತಿರೋ ರಸ್ತೆ ಅಲ್ಲಿ ಬಂದು ಟಕ್ ಅಂತ ನಿಂತುಬಿಡತ್ತೆ, ಪಕ್ಕಕ್ಕೆ ತಿರುಗಿ ಸ್ವಲ್ಪ ಹೋಗಿ ಮತ್ತೆ ಉತ್ತರಕ್ಕೆ ತಿರುಗ್ಬೇಕು. ಇನ್ನೊಂದು, ಇಲ್ಲಿನ ಮೂಲನಿವಾಸಿಗಳ ಜಮೀನು, ರಿಸರ್ವ್ ಅಂತಾರೆ, ಈ ಚೌಕದ ಲೆಕ್ಕಕ್ಕೆ ಸಿಗಲ್ಲ, 1877ರಲ್ಲಿ ಬ್ಲ್ಯಾಕ್‌ಫೂಟ್ ಮತ್ತೆ ಪಕ್ಕದ ಬುಡಕಟ್ಟುಗಳ ಹತ್ರ ಟ್ರೀಟಿ 7 ಅನ್ನೋ ಒಪ್ಪಂದಕ್ಕೆ ಸಹಿ ಹಾಕಿಸ್ಕೊಂಡ ಮೇಲೆ ಅವರಿಗೆ ಉಳಿದ ಜಾಗ ಅದು. ಖಾಲಿ ಬಯಲು ಅಂತ ನಾನೂ ಮೇಲೆ ಬರೆಯೋನಿದ್ದೆ, ಖಾಲಿ ಏನೂ ಇರ್ಲಿಲ್ಲ.

ನನ್ನ ಮಾನ ಹೋಗಿದ್ದನ್ನೂ ಹೇಳ್ಬಿಡ್ತೀನಿ. ಮೇ ತಿಂಗಳಲ್ಲಿ ಹಿಮ ಕರಗಿ ಹುಲ್ಲು ಏಳೋಕೆ ಮುಂಚೆ ರಸ್ತೆ ಕೆಳಗಿನ ಮೋರಿಗಳ್ನ ಹುಡುಕಿ ಜಿಪಿಎಸ್‌ನಲ್ಲಿ ಗುರುತು ಮಾಡ್ಬೇಕು, ಆಮೇಲೆ ಹುಲ್ಲಲ್ಲಿ ಕಾಣಲ್ಲ. ಮೊದಲ ವರ್ಷ ಎರಡು ದಿನ ಗಂಬೂಟ್ ಹಾಕ್ಕೊಂಡು ಕೆಸರಲ್ಲಿ ಬಿದ್ದೆದ್ದು ಅರವತ್ತು ಚಿಲ್ರೆ ಮೋರಿ ಹಿಡಿದು ತಂದೆ. ಈ ಕೌಂಟಿ ನಡುವೆ 114 ಡಿಗ್ರಿ ಪಶ್ಚಿಮ ರೇಖಾಂಶ ಹೋಗತ್ತೆ, ಅದೇ ಯುಟಿಎಂ ಝೋನ್ 11 ಮತ್ತು 12ರ ಗಡಿ; ಯುಟಿಎಂ ಅಂದ್ರೆ ಭೂಮಿನ ಉದ್ದುದ್ದ ಪಟ್ಟಿ ಮಾಡಿ ಒಂದೊಂದು ಪಟ್ಟಿಗೂ ಬೇರೆ ಬೇರೆ ಅಳತೆ ಲೆಕ್ಕ ಇಡೋ ಪದ್ಧತಿ. ನಂದೆಲ್ಲ 12ರಲ್ಲಿ ಇದ್ದಿದ್ದು, ನಾನು 11 ಅಂತ ಕೊಟ್ಟು ಲೋಡ್ ಮಾಡ್ದೆ. ಸ್ಕ್ರೀನ್ ಮೇಲೆ ಒಂದು ಮೋರಿನೂ ಇಲ್ಲ. ಝೂಮ್ ಔಟ್ ಮಾಡ್ತಾ ಹೋದೆ, ಹೋದೆ, ಕೊನೆಗೆ ನೋಡಿದ್ರೆ ಅಷ್ಟೂ ಮೋರಿಗಳು ನಾನೂರು ಕಿಲೋಮೀಟರ್ ಆಚೆ ಬ್ರಿಟಿಷ್ ಕೊಲಂಬಿಯಾದ ಬೆಟ್ಟದಲ್ಲಿ ಸಾಲಾಗಿ ಕೂತಿವೆ. ಬೆನ್ನ ಹಿಂದೆ ನಿಂತಿದ್ದ ಬಾಸ್ "ಅಲ್ಲಿಗೆ ಜೀಪ್ ಅಲೋಯನ್ಸ್ ಕೊಡಲ್ಲ" ಅಂದ.

ಇದೆಲ್ಲ ಯಾಕೆ ಬರೆಯಕ್ಕೆ ಕೂತೆ ಅಂದ್ರೆ ಹೋದ ತಿಂಗಳು ಅಪ್ಪ ಫೋನ್ ಮಾಡಿ, ತಿಪಟೂರು ಹತ್ರದ ನಮ್ಮ ತೆಂಗಿನ ತೋಟದ್ದು ಪೋಡಿ, ಅಂದ್ರೆ ನಮ್ಮ ಭಾಗ ಬೇರೆ ಮಾಡೋ ಸರ್ವೆ, ಇನ್ನೂ ಆಗಿಲ್ಲ, ಪಕ್ಕದವರು ಬದು ಸರ್ಸಿದಾರೆ ಅಂತ ಅನುಮಾನ, "ನೀನು ಅಲ್ಲಿಂದ್ಲೇ ಅಳೆದು ಹೇಳು" ಅಂದ್ರು. ಸರ್ವೆಯವರ ಹಳೇ ಅಳತೆ ಟಿಪ್ಪಣಿ ನಕಲು ವಾಟ್ಸಾಪಲ್ಲಿ ಬಂತು, ಮಡಿಕೆ ಮೇಲೆ ಮಡಿಕೆ, ಎರಡು ಆಣೆನೋ ಎಂಟು ಆಣೆನೋ ಗೊತ್ತಾಗಲ್ಲ. ರಾತ್ರಿ ಕೂತು ಅದನ್ನ ಸ್ಯಾಟಲೈಟ್ ಚಿತ್ರದ ಮೇಲೆ ಕೂರಿಸ್ದೆ. ಬದು ಸುಮಾರು ಎಂಟು ಅಡಿ ನಮ್ಮ ಕಡೆಗೆ ಬಂದಿರೋ ಹಂಗೆ ಕಾಣ್ತು. ಸರ್ವೆ ನಂಬರ್ ತೋರ್ಸೋ ಸರ್ಕಾರದ ದಿಶಾಂಕ್ ಆಪ್ ತೆಗೆದು ನೋಡಿದ್ರೆ ಅದರಲ್ಲಿ ಗೆರೆ ಇನ್ನೊಂದು ಕಡೆ. ಸ್ಯಾಟಲೈಟ್ ಚಿತ್ರನೇ ಕೆಲವು ಮೀಟರ್ ಅತ್ತಿತ್ತ ಇರತ್ತೆ, ಮೇಲಿಂದ ತೆಂಗಿನ ಗರಿ ಬಿಟ್ರೆ ಇನ್ನೇನೂ ಕಾಣಲ್ಲ, ಇದನ್ನ ನಂಬ್ಕೊಂಡು ಯಾರ ಹತ್ರನೂ ಜಗಳಕ್ಕೆ ಹೋಗ್ಬೇಡಿ, ಬಾಂದು ಕಲ್ಲು, ಅಂದ್ರೆ ಗಡಿ ಕಲ್ಲು ಹುಡುಕ್ಸಿ, ಹದ್ದುಬಸ್ತಿಗೆ, ಅಂದ್ರೆ ಸರ್ಕಾರಿ ಸರ್ವೇಯರ್ ಬಂದು ಗಡಿ ಅಳೆಯೋದಕ್ಕೆ, ಅರ್ಜಿ ಹಾಕಿ ಅಂದೆ. "ಅದನ್ನ ಹೇಳಕ್ಕೆ ಕೆನಡಾಕ್ಕೆ ಹೋಗ್ಬೇಕಿತ್ತಾ" ಅಂದ್ರು. ಇಲ್ಲೂ ಅಷ್ಟೇ, ಎಷ್ಟೇ ಮ್ಯಾಪ್ ಇದ್ರೂ ತಕರಾರು ಬಂದಾಗ ಸರ್ವೇಯರ್ ಹೋಗಿ ಮಣ್ಣಲ್ಲಿ ಹೂತಿರೋ ಕಬ್ಬಿಣದ ಗೂಟ ಹುಡುಕ್ತಾನೆ, ನನ್ನ ಗೆರೆಗೆ ಅಲ್ಲಿ ಕವಡೆ ಕಾಸಿನ ಬೆಲೆ ಇಲ್ಲ.

ನಿನ್ನೆ ಅಪ್ಪ ಫೋಟೋ ಕಳ್ಸಿದ್ರು, ಕಲ್ಲು ಸಿಕ್ಕಿದ್ಯಂತೆ, ಲಂಟಾನ ಕಡಿದಾಗ. ತೊಳೆದು ಅರಿಶಿನ ಕುಂಕುಮ ಇಟ್ಟಿದಾರೆ. ಮೊಬೈಲಲ್ಲಿ ಲೊಕೇಶನ್ ಆನ್ ಮಾಡಿ ಫೋಟೋ ತೆಗೀರಿ ಅಂತ ಮೂರು ಸಲ ಹೇಳಿದ್ದೆ, ಆನ್ ಮಾಡಿಲ್ಲ.